ಸಂಪು ಭರ್ತಿ

ಬುಧವಾರ ಸುಲೋಚನಾ ದುರ್ಗೇಕರಳ ಪಾಳಿ.
ಕೊಡಿಕಂಬದ ಬದಿಯ ಜಲ್ಲಿರಾಶಿ ಹತ್ತಿ
ಬಲಗೈ ಚಾಚಿ ಅವಳು ಒಂದೊಂದೇ ಸಾಲು ಹೇಳುವಳು,
ಹಿಂದಿನಿಂದ ನಾವು, ನಲವತ್ತಮೂರು ಕೈ
ಮುಂದಿನವನ ಹೆಗಲಿಗೆ ತಾಗದಂತೆ.

ಊರನ್ನು ನೌಕಾನೆಲೆಗೆ ಬಿಟ್ಟುಕೊಟ್ಟು
ಅಮದಳ್ಳಿಯಾಚೆ ಗುಡ್ಡ ಕಡಿದ ಕಾಲೊನಿಗೆ ಬಂದು
ಆಗಿನ್ನೂ ಎರಡನೇ ವರ್ಷ.
ಮನೆಯಲ್ಲಿ ಕೊಂಕಣಿ, ಕೆಳಗಿನ ಕೇರಿಯಲ್ಲಿ ಹಾಲಕ್ಕಿ ಮಾತು,
ಪ್ರತಿಜ್ಞೆ ಮಾತ್ರ ಪುಸ್ತಕದ ಕನ್ನಡ.
'ಸಂಪದ್ಭರಿತ' ಬಂದಲ್ಲಿ ಎಲ್ಲರ ನಾಲಗೆಯೂ ಎಡವಿ
ಒಂದೇ ದನಿಯಲ್ಲಿ ಕೂಗುತ್ತಿದ್ದೆವು:
ಸಂಪು ಭರ್ತಿ!

ಎಲ್ಲಿಯ ಭರ್ತಿ?
ಶಾಲೆಯ ಹಿಂದೆ ಸರ್ಕಾರ ಕಟ್ಟಿಸಿದ ಸಂಪಿನಲ್ಲಿ
ಎರಡು ಕಪ್ಪೆ, ಒಂದು ಉಂಗುಷ್ಟ ಕಿತ್ತ ಚಪ್ಪಲಿ.
ಗಾಂವ್ಕರ ಮಾಸ್ತರು ಮೊದಮೊದಲು ತಿದ್ದಿದರು,
ಕರಿಹಲಗೆಯ ಮೇಲೆ ಪದ ಒಡೆದು ಬರೆದರು.
ಒಂದು ದಿನ ತಾವೇ ಹೋಗಿ ಮುಚ್ಚಳ ಎತ್ತಿ ನೋಡಿದವರು
ಮತ್ತೆ ತಿದ್ದಲಿಲ್ಲ.

ಈಗ ನಾನು ಇದೇ ಕಾಲೊನಿಯ ನೀರುಗಂಟಿ.
ಪಂಚಾಯ್ತಿ ಮೆಂಬರರು ಪ್ರಮಾಣ ತೆಗೆದುಕೊಂಡರು,
ಫೋಟೊ ಆಯಿತು, ಖಾರ ಅವಲಕ್ಕಿ ಆಯಿತು.
ನನ್ನಿಂದ ಯಾರೂ ಏನೂ ಹೇಳಿಸಲಿಲ್ಲ.
ಮೊಳದುದ್ದದ ಒಂದು ಚಾವಿ ಕೊಟ್ಟು
ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರು.
ಮೇಲಿನ ಕೇರಿಗೆ ಇಪ್ಪತ್ತು ನಿಮಿಷ,
ಕೆಳಗಿನ ಕೇರಿಗೆ ಇಪ್ಪತ್ತು.

'ಕೆಳಗಿನವ್ರಿಗೆ ಹೆದರ್ತೆ ನೀನು' ಅನ್ನುತ್ತದೆ ಮೇಲಿನ ಕೇರಿ.
'ನಿಮ್ಮೋರಿಗೇ ಬಿಡ್ತೆ' ಅನ್ನುತ್ತದೆ ಕೆಳಗಿನದು.
ಎರಡೂ ಕಡೆಯಿಂದ ಬೈಗುಳ ಬಿದ್ದ ದಿನ
ಲೆಕ್ಕ ಸರಿಯಿದೆಯೆಂದು ನಿಶ್ಚಿಂತೆಯಿಂದ ಚಾ ಕುಡಿಯುತ್ತೇನೆ.

ಒಂದು ಸಲ ತಪ್ಪಿದೆ.
ಏಪ್ರಿಲ್ ತಿಂಗಳು. ತಂಗಿ ಬಾಣಂತಿ,
ಮನೆ ತುಂಬ ತೊಟ್ಟಿಲಿಗೆ ಬಂದ ನೆಂಟರು.
ಮೇಲಿನ ಕೇರಿಗೆ ಎಂಟು ನಿಮಿಷ ಹೆಚ್ಚು ಬಿಟ್ಟೆ.
ಯಾರೂ ಕೇಳಲಿಲ್ಲ.
ಕೆಳಗೆ ಹನುಮಿ ಗೌಡ ಕೊಡ ವಾರೆ ಮಾಡಿ ಹಿಡಿದು
ನಲ್ಲಿ ಕೆಮ್ಮುವವರೆಗೂ ಕಾದಳು.
ಆಮೇಲೆ ಖಾಲಿ ಕೊಡವನ್ನು
ತುಂಬಿದ ಕೊಡದಷ್ಟೇ ಜೋಪಾನವಾಗಿ
ಸೊಂಟಕ್ಕಿಟ್ಟುಕೊಂಡು ಹೋದಳು.

ಒಂಬತ್ತೂ ಮುಕ್ಕಾಲಿಗೆ ಶಾಲೆಯ ಮೈಕು ಕಿರುಗುಟ್ಟುತ್ತದೆ.
ಆ ಹೊತ್ತಿಗೆ ನಾನು ವಾಲ್ವಿನ ಗುಂಡಿಗೆ ಬಾಗಿ
ಮೊಣಕಾಲೂರಿ, ಬಲಗೈ ಚಾಚಿ
ಕೆಳಗಿನ ಕೇರಿಗೆ ತಿರುಗಿಸುತ್ತಿರುತ್ತೇನೆ.
ಮಕ್ಕಳು 'ಸಹೋದರಿಯರು' ಎನ್ನುವಲ್ಲಿ
ಚಾವಿ ಒಂದು ಗಳಿಗೆ ಬಿಗಿಯುತ್ತದೆ.
ತುಕ್ಕಿರಬಹುದು.

ಮೀನುಪೇಟೆಗೆ ಹೊರಟ ಸುಲೋಚನಾ
ಬುಟ್ಟಿ ಇಳಿಸಿ ಗುಂಡಿಯೊಳಗೆ ಇಣುಕುತ್ತಾಳೆ:
'ಸಂಪು ಭರ್ತಿ ಆಯ್ತನಾ?'
'ಅರ್ಧ' ಎನ್ನುತ್ತೇನೆ.
ಅವಳು ನಗುತ್ತಾಳೆ. ನಗುತ್ತಲೇ
ಸೆರಗಿನಿಂದ ಕೈ ಒರೆಸಿ
ತನ್ನ ವಾಚು ನೋಡಿಕೊಳ್ಳುತ್ತಾಳೆ.