ಉಪ್ಪು ತಿಂದ ನೀರು

ರಾತ್ರಿ ಎರಡೂ ಮುಕ್ಕಾಲಿಗೆ ಫೋನು ಗುಂಯ್‌ಗುಟ್ಟಿತು.
ನೂರಾ ಹನ್ನೆರಡಿದ್ದದ್ದು ನೂರಾ ತೊಂಬತ್ತು.
ಆರ್ನ್‌ದೀಸ್ ಎರಡನೇ ಕಾಲುಚೀಲ ಹುಡುಕುವುದರೊಳಗೆ
ಇನ್ನೂರಾ ಆರು.

ಮಳೆಯಿಲ್ಲ. ಮಳೆ ಬಿದ್ದಿದ್ದರೆ ಅಂಕಿ ಇಳಿಯಬೇಕಿತ್ತು,
ಸಾರಿಗೆ ನೀರು ಸುರಿದ ಹಾಗೆ ಹೊಳೆ ಸಪ್ಪಗಾಗಬೇಕಿತ್ತು.
ಇದು ಏರುತ್ತಿದೆ. ಅಂದರೆ
ಮೇಲೆ, ಹಿಮರಾಶಿಯ ಹೊಟ್ಟೆಯೊಳಗೆ,
ಬೆಂಕಿಯ ಪಕ್ಕ ಬಹುಕಾಲ ಕೂತಿದ್ದ ನೀರು
ಕಲ್ಲು ನೆಕ್ಕಿ, ಗಂಧಕ ಕುಡಿದು
ಎದ್ದು ಹೊರಟಿದೆ.

ಅಥವಾ ತಂತಿಯೊಳಗೆ ನೀರು ಹೊಕ್ಕಿದೆ.

ಹೋದ ಅಕ್ಟೋಬರಿನಲ್ಲಿ ಆದದ್ದು ಅದೇ.
ಒಂದು ರಬ್ಬರು ಬಳೆ, ಕಿರುಬೆರಳಿಗೂ ಸಾಲದ್ದು, ಸೀಳಿತ್ತು.
ಆರು ತಾಸು ಸೇತುವೆ ಮುಚ್ಚಿಸಿದ್ದಳು.
ಹಾಲಿನ ಟ್ಯಾಂಕರು ಬಂದ ದಾರಿಯಲ್ಲೇ ತಿರುಗಿತು,
ಗೀಸ್ಲಿ ಎರಡು ಹೊತ್ತಿನ ಹಾಲು ಮೋರಿಗೆ ಸುರಿದ.
ಹೊಳೆ ಮಾತ್ರ ಮೊಣಕಾಲುದ್ದ, ಬೂದಿ ಬಣ್ಣ,
ತನಗೇನೂ ಗೊತ್ತಿಲ್ಲವೆಂಬಂತೆ ಹರಿಯುತ್ತಿತ್ತು.
ಅಂದಿನಿಂದ ಪೆಟ್ರೋಲು ಬಂಕಿನಲ್ಲಿ ಕಂಡಾಗಲೆಲ್ಲ
"ನಿಮ್ಮ ಹೊಳೆಗೆ ಜ್ವರ ಬಿಟ್ಟಿತೇ?" ಎನ್ನುತ್ತಾನೆ.

ಐಸ್‌ಲ್ಯಾಂಡಿನ ತೆಂಕಣ ದಂಡೆ, ಕರಿಮರಳು, ಗಾಳಿ.
ಸೇತುವೆಯ ಬುಡದಲ್ಲಿ ತಗಡಿನ ಗೂಡು,
ಗೂಡಿನಿಂದ ಇಳಿದ ಕೊಳವೆ, ಕೊಳವೆಯ ತುದಿಯಲ್ಲಿ
ಎರಡು ಉಕ್ಕಿನ ಕಡ್ಡಿ. ನಡುವೆ ಬೆರಳಗಲ ಹೊಳೆ.
ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವಂತಿಲ್ಲ,
ಕಡ್ಡಿಯ ಮೈಗೆ ಗುಳ್ಳೆ ಕಟ್ಟುತ್ತದೆ, ನೀರು ಮೊಂಡು ಹಿಡಿಯುತ್ತದೆ.
ಅತ್ತ ಇತ್ತ, ಇತ್ತ ಅತ್ತ, ಸೆಕೆಂಡಿಗೆ ಸಾವಿರ ಸಲ
ದಿಕ್ಕು ಬದಲಿಸುತ್ತ ಒಂದೇ ಪ್ರಶ್ನೆ ಕೇಳುತ್ತಿರಬೇಕು:
ಎಷ್ಟು ಉಪ್ಪು ತಿಂದಿದ್ದೀಯೆ?

(ಕಣ್ಣೀರಿನ ಹೋಲಿಕೆ ಇಲ್ಲಿ ಬರಬಹುದಿತ್ತು. ಬೇಡ.
ಅವಳ ಕಣ್ಣಲ್ಲಿ ನೀರಿದ್ದದ್ದು ಗಾಳಿಗೆ.)

ಟಾರ್ಚು ಹಲ್ಲಲ್ಲಿ ಕಚ್ಚಿ ಬಳೆ ನೋಡಿದಳು: ಹೊಸದು, ಗಟ್ಟಿ, ಒಣ.
ಆದರೂ ಸಾಕ್ಷಿಯ ಬಾಟಲಿ ತೆಗೆದಳು.
ಸಾವಿರದ ನಾನೂರಾ ಹದಿಮೂರು ಎಂದು ಚೀಟಿ,
ಇಪ್ಪತ್ತೈದು ಡಿಗ್ರಿಯಲ್ಲಿ ಮಾತ್ರ ನಿಜವಾಗುವ ಮಾತು.
ಇಲ್ಲಿ ಎರಡು ಡಿಗ್ರಿ.
ಅಂಗಿಯೊಳಗೆ ಕೈ ಹಾಕಿ ಕಂಕುಳಲ್ಲಿ ಇರುಕಿಕೊಂಡಳು,
ಹಸುಗೂಸಿನ ಹಾಲಿನಂತೆ ಅದು ಬೆಚ್ಚಗಾಗಲಿ ಎಂದು
ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಳು.
ಕೈಯ ಮೀಟರು ಅದ್ದಿದಳು. ಸಾವಿರದ ನಾನೂರಾ ಹತ್ತು.
ಮೂರರ ತಪ್ಪು. ಅದು ಕ್ಷಮಿಸುವಂಥದ್ದು.
ತೊಳೆದು ಹೊಳೆಗೆ ಅದ್ದಿದಳು:
ಇನ್ನೂರಾ ನಲವತ್ತೊಂದು.

ಸರಪಳಿ ಎಳೆದು ಬೀಗ ಹಾಕಿದ ಸದ್ದು
ಅವಳಿಗೇ ಜೋರೆನಿಸಿತು.

ಐದಕ್ಕೆ ಬಂದ ಗೀಸ್ಲಿ. ದೀಪ ಆರಿಸಲಿಲ್ಲ, ಇಳಿಯಲೂ ಇಲ್ಲ.
ನೀರು ನೋಡಿದ. ಮೊಣಕಾಲುದ್ದ. ಬೂದಿ ಬಣ್ಣ.
"ಮತ್ತೆ ಶುರುವಾಯಿತೇ?"
ಅವಳು ಮಾತಾಡಲಿಲ್ಲ. ಚಳಿಗೆ ದವಡೆ ಕೂತಿತ್ತು.
ಅದನ್ನು ಕಂಡೇ ಇರಬೇಕು, ಫ್ಲಾಸ್ಕು ತೆಗೆದ,
ಕಾಫಿಗೆಂದು ತಂದ ಬೆಳಗಿನ ಹಾಲಿನ ಸೀಸೆ ತೆಗೆದ.
"ಇದನ್ನೂ ಅಳೆ ನೋಡೋಣ, ನಿನ್ನ ಯಂತ್ರದ ಜಾಣತನ."
ಚೇಷ್ಟೆಗೆ ಅಂದದ್ದು. ಅವಳು ಅದ್ದಿಯೇಬಿಟ್ಟಳು.

ಒಳ್ಳೆ ಹಾಲು ಐದರ ಸುತ್ತಮುತ್ತ ಇರುತ್ತದೆ, ಹೊಳೆಯದಲ್ಲ,
ಅದರ ಸಾವಿರ ಪಟ್ಟಿನ ಲೆಕ್ಕದಲ್ಲಿ.
ಇದು ಏಳು ದಾಟಿತು.
ತೊಳೆದು ಮತ್ತೆ ಅದ್ದಿದಳು. ಏಳು ದಾಟಿತು.
"ಎಲ್ಲ ಹಸುಗಳದ್ದೇ ಇದು?"
"ಇಲ್ಲ. ಬೆಳ್ಳಿಮೂತಿಯದು. ಮನೆಗೆಂದು ಬೇರೆ ಕರೆದದ್ದು."
"ಕೆಚ್ಚಲು ಬಾತಿದೆ ಅವಳಿಗೆ."

ಗೀಸ್ಲಿ ಸೀಸೆಯನ್ನು ಬೆಳಕಿಗೆ ಹಿಡಿದ.
ಬೆಳ್ಳಗೆ, ಹಾಲು ಇರಬೇಕಾದ ಹಾಗೇ ಇತ್ತು.
"ನಿನ್ನೆ ಒದ್ದಳು," ಎಂದ ಮೆಲ್ಲಗೆ,
"ಒಂಬತ್ತು ವರ್ಷದಲ್ಲಿ ಮೊದಲ ಸಲ.
ನನ್ನ ಕೈ ತಣ್ಣಗಿತ್ತೇನೋ ಅಂದುಕೊಂಡೆ."

ದನದ ಡಾಕ್ಟರು ಇರುವುದು ಆಚೆ ದಡದಲ್ಲಿ.
ಅವನು ಸರಪಳಿ ನೋಡಿದ. ಅವಳನ್ನು ನೋಡಿದ.
ಅವಳು ಬೀಗದ ಕೈ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡಳು.

ಗಾಳಿ ತಿರುಗಿತು. ಕೊಳೆತ ಮೊಟ್ಟೆಯ ವಾಸನೆ,
ಹೌದೋ ಅಲ್ಲವೋ ಎನ್ನುವಷ್ಟು.
ಕಂಬದ ಬುಡದಲ್ಲಿ ನೊರೆ ಒಂದು ಗೇಣು ಮೇಲೆ ಬಂದಿತ್ತು.
ಇನ್ನೂ ಬರುತ್ತದೋ, ಇಷ್ಟೇಯೋ,
ಮೀಟರಿನಲ್ಲಿ ಮುನ್ನೂರಾ ಎರಡು ಅಷ್ಟೇ ಇತ್ತು,
ಮುಂದಿನದು ಇರಲಿಲ್ಲ.

ಗೀಸ್ಲಿ ಕೊನೆಗೂ ದೀಪ ಆರಿಸಿ ಇಳಿದು ಬಂದ,
ಜಾಕೆಟ್ಟಿನ ಗುಂಡಿ ಬಿಚ್ಚುತ್ತ ಕೈ ಚಾಚಿದ:
"ಆ ಬಾಟಲಿ ತಣ್ಣಗಾಗಿರಬೇಕು.
ಕೊಡು ಇತ್ತ."