ಕೀಲಿಕೈ

ಐದಕ್ಕ ವರ್ಕ್‌ಶಾಪಿಗೆ ಕೀಲಿ ಹಾಕೋದು ನನ್ನ ನೌಕರಿ.
ಇಪ್ಪತ್ತೆರಡು ವರ್ಷದಾಗ ಒಂದು ಲೇತೂ ಸವೆದಿಲ್ಲ.

ಈ ಸಲ ಹೊಸ ಪಠ್ಯ:
ಕಲಬುರ್ಗಿ ಗಂಜ್‌ನಾಗ ತಿರುಗ್ರಿ, ಯಾರದರೆ ಒಂದು ತ್ರಾಸು
ಕೇಳಿಕೊಂಡು ಬರ್ರಿ, ಅದೇ ಪ್ರಶ್ನೆಪತ್ರಿಕೆ.

ತಹಸೀನ್ ತಂದದ್ದು
ದಾಲ್ ಮಿಲ್ಲಿನ ಸಿದ್ಧವ್ವನ ಮೊಣಕಾಲು.
ದಿನಾ ಕುಂತು ತೊಗರಿಯೊಳಗಿನ ಹರಳು ಆರಿಸಿದ್ದು.

ಮೊದಲ ಜರಡಿ ಬ್ಯಾಳಿ ಉಗುಳಿ ಹರಳು ಇಟ್ಟುಕೊಂಡಿತು.
ಎರಡನೇದು ಮೋಟಾರು ಸುಟ್ಟಿತು.
“ಕೆಟ್ಟಿದ್ದಕ್ಕೂ ಅಂಕ ಅದಾವ” ಅಂದ್ರು ಸರ್. ನಾ ನಕ್ಕೆ.

ಮೂರನೇದು ನಡೀತು.
ಸಿದ್ಧವ್ವ ಕೈಯಾಡಿಸಿ ನೋಡಿ, “ಛಲೋ ಅದ.
ನನ್ನ ಪಗಾರ?” ಅಂದಳು.

ತಹಸೀನ್ ಡ್ರಾಯಿಂಗ್ ಮಡಚಿ
ಬಿಳಿ ಹಾಳಿ ತಗದಳು.
ಈ ಲೆಕ್ಕ ಯಾವ ಪುಸ್ತಕದಾಗೂ ಇಲ್ಲ.

ರಾತ್ರಿ ಒಂಬತ್ತು. ಒಳಗ ಲೈಟು ಹತ್ಯಾವ.
ಮನಿ ಹಾದಿ ಹಿಡದೀನಿ,
ಕಿಸೆ ಹಗುರ.