ಎರಡನೇ ತೂಕ

ಡುಲೂತ್ ಬಂದರಿನ ಹಿಂದೆ, ಗುಜರಿ ಅಂಗಳದ ಬಾಯಲ್ಲಿ
ನನ್ನದೊಂದು ಗಾಜಿನ ಗೂಡು.
ಲಾರಿ ಒಳಗೆ ಬರುವಾಗ ಒಮ್ಮೆ ತೂಗುತ್ತೇನೆ,
ಖಾಲಿಯಾಗಿ ಹೊರಡುವಾಗ ಇನ್ನೊಮ್ಮೆ.
ಕಳೆದು ಉಳಿದದ್ದು ಕಬ್ಬಿಣ. ಅಷ್ಟಕ್ಕೇ ದುಡ್ಡು.
ಎರಡು ಸಲ ತೂಗಿದರೆಂದು ಈವರೆಗೆ
ಯಾವ ಲಾರಿಯೂ ಮುಖ ಊದಿಸಿಕೊಂಡಿಲ್ಲ.

ನಾನು ಊದಿಸಿಕೊಂಡಿದ್ದೇನೆ, ಮೂರು ವಾರದಿಂದ.

ಇಪ್ಪತ್ತಾರು ನನಗೆ. ಸಂಜೆ ಕಾಲೇಜಿನಲ್ಲಿ ಎರಡು ವರ್ಷ:
ಕ್ಯಾಲ್ಕುಲಸ್ಸಿಗೆ ಎ, ರಸಾಯನಕ್ಕೆ ಎ,
ಭಾಷಣಕ್ಕೆ ಮಾತ್ರ ಬಿ, ಕಾಗದ ಹಿಡಿದ ಕೈ ನಡುಗಿತ್ತು.
ಈಗ ದೊಡ್ಡ ಕಾಲೇಜಿಗೆ, ನೇರ ಮೂರನೇ ವರ್ಷಕ್ಕೆ ಅರ್ಜಿ.
ನಾಲ್ಕನೇ ಪುಟದ ಬುಡದಲ್ಲಿ ಒಂದು ಚೌಕ:
ಪ್ರವೇಶ ಪರೀಕ್ಷೆಯ ಅಂಕ.

ಇದೆ ನನ್ನ ಹತ್ತಿರ ಒಂದು. ಸಾವಿರದ ನಲವತ್ತು.
ಹದಿನೇಳು ವಯಸ್ಸಿನದು, ಡಿಸೆಂಬರಿನದು,
ಕಾರಿನ ಹೀಟರು ಕೆಟ್ಟು, ಬೆರಳು ಮರಗಟ್ಟಿ
ಪೆನ್ಸಿಲು ಕೈಯಲ್ಲಿದೆಯೋ ಇಲ್ಲವೋ ತಿಳಿಯದ ಬೆಳಿಗ್ಗೆಯದು.
ಕ್ಯಾಲ್ಕುಲೇಟರು ಚಳಿಗೆ ಕಣ್ಣು ಮುಚ್ಚಿತ್ತು.
ಪಕ್ಕದ ಹುಡುಗ ಮೂರು ತಾಸೂ ಮೂಗು ಸೇದಿದ.
ಅವನ ಹೆಸರು ಗೊತ್ತಿಲ್ಲ. ಸದ್ದು ಗೊತ್ತು.

"ಮತ್ತೆ ಬರೀಲಾ?" ಅಂದೆ ಸಲಹೆಗಾರ್ತಿ ಮಿಸೆಸ್ ಬೋಲ್ಯೂಗೆ.
ಆಕೆ ಕನ್ನಡಕ ಹಣೆಗೇರಿಸಿ ನಿಯಮ ಓದಿದರು.
"ಎರಡು ಕಾಲೇಜಿಗೆ ಬೇಡವೇ ಬೇಡ.
ಮೂರನೆಯದು, ಇದ್ದರೆ ಕೊಡಿ ಅನ್ನುತ್ತೆ.
ನೋಡು ಲೋರ್ನಾ, ಕಾಡಕ್ಕಿ ಬೆಂದು ತಟ್ಟೆಗೆ ಬಿದ್ದಾಗಿದೆ.
ದೋಣಿಯಲ್ಲಿ ಕೂತು ಅದನ್ನ ಹೇಗೆ ಬಡಿದೆ ಅಂತ
ಉಣ್ಣೋ ಹೊತ್ತಲ್ಲಿ ಯಾರು ಕೇಳ್ತಾರೆ?"

ಲಾರಿಯ ಏನೋ ಹೇಳುವುದೇ ಬೇರೆ: "ಬರಿ!
ಜಾಸ್ತಿ ಬಂತೋ, ತೋರಿಸು. ಕಮ್ಮಿ ಬಂತೋ, ನುಂಗು."
ಅವನಿಗೇನು. ಫೀಸು ಅವನದಲ್ಲ, ಶನಿವಾರ ಅವನದಲ್ಲ.
ಶನಿವಾರ ಅಂದರೆ ಒಂದೂವರೆ ಪಾಳಿಯ ಕೂಲಿ,
ಹದಿನೇಳರ ಮಕ್ಕಳ ನಡುವೆ ಮೊಣಕಾಲು ಹಿಡಿಸದ ಬೆಂಚು,
"ಮೇಡಂ, ನೀವು ಮೇಲ್ವಿಚಾರಕರಾ?" ಅನ್ನುವ ಒಂದು ಹುಡುಗಿ.

ಆದರೂ ಲೈಬ್ರರಿಯಿಂದ ಮಾದರಿ ಪುಸ್ತಕ ತಂದೆ.
ಯಾರೋ ಉತ್ತರ ಗುರುತಿಸಿ ಅರೆಬರೆ ಅಳಿಸಿದ್ದರು.
ತ್ರಿಕೋನಕ್ಕೂ ತ್ರಿಕೋನಕ್ಕೂ ನಡುವೆ ಲಾರಿ ಬಂತು,
ಹಳೆ ರೇಡಿಯೇಟರು, ಸುಕ್ಕಾದ ದೋಣಿ, ಒಂದು ಚರ್ಚಿನ ಗಂಟೆ.
ಒಟ್ಟು ಹಾಕಿದರೆ ಸಾವಿರದ ಐವತ್ತು.
ಒಂಬತ್ತು ವರ್ಷ, ಹತ್ತು ಅಂಕ.
ನಗು ಬಂತು. ಆಮೇಲೆ ಬರಲಿಲ್ಲ.

ಇಲ್ಲಿ ಚಳಿಗಾಲದಲ್ಲಿ ಒಂದು ಕಟ್ಟುನಿಟ್ಟು:
ಹೊರೆಯ ಮೇಲಿನ ಹಿಮ ಗೋರದೆ ತೂಗುವಂತಿಲ್ಲ,
ಹಿಮಕ್ಕೆ ನಾವು ದುಡ್ಡು ಕೊಡುವುದಿಲ್ಲ.
ನನ್ನ ಹಳೆ ಅಂಕವೂ ಹಾಗೇ, ಹಿಮ ಸಮೇತ ತೂಗಿದ್ದು,
ಎಂದು ಬರೆಯಹೊರಟೆ ಅರ್ಜಿಯ ಪ್ರಬಂಧದಲ್ಲಿ.
ಹೊಡೆದು ಹಾಕಿದೆ. ಹಿಮ ತೂಕ ಏರಿಸುತ್ತದೆ;
ನನ್ನದನ್ನು ಇಳಿಸಿತ್ತು. ಹೋಲಿಕೆ ಕೂರಲಿಲ್ಲ.

ಕೂತದ್ದು ಚೀಟಿ.
ನಾನು ಹರಿದುಕೊಡುವ ಪ್ರತಿ ಚೀಟಿಯ ಮೇಲೂ
ತೂಕದ ಪಕ್ಕ ದಿನ, ಗಂಟೆ, ನಿಮಿಷ.
ದಿನವಿಲ್ಲದ ತೂಕ ನಮ್ಮಲ್ಲಿ ನಡೆಯುವುದಿಲ್ಲ.
ಅಂಕಪಟ್ಟಿಯಲ್ಲೂ ಇದೆ, ಮೂಲೆಯಲ್ಲಿ, ಸಣ್ಣಕ್ಷರದಲ್ಲಿ.
ಎರಡು ಚೌಕ ಖಾಲಿ ಬಿಟ್ಟೆ.
ಮೂರನೆಯದಕ್ಕೆ ಸಾವಿರದ ನಲವತ್ತನ್ನೇ ಕಳಿಸಿದೆ,
ಅದರ ಡಿಸೆಂಬರಿನ ಸಮೇತ. ಓದಿಕೊಳ್ಳಲಿ.

ಇದು ಧೈರ್ಯವೋ, ಸೋಮಾರಿತನವೋ, ಶನಿವಾರದ ಆಸೆಯೋ
ಕೇಳಿದರೆ ಹೇಳಲಾರೆ.

ಪಾಳಿ ಮುಗಿದ ಮೇಲೆ, ಯಾರೂ ಇಲ್ಲದಾಗ,
ಲಾರಿ ತೂಗುವ ಕಟ್ಟೆಯ ನಡುವೆ ಹೋಗಿ ನಿಂತೆ.
ಇಪ್ಪತ್ತು ಇಪ್ಪತ್ತು ಪೌಂಡಿಗೆ ಹೆಜ್ಜೆ ಹಾಕುವ ಯಂತ್ರ ಅದು.
ನೂರ ನಲವತ್ತು ಅಂದಿತು. ನೂರ ಅರವತ್ತು.
ಮತ್ತೆ ನೂರ ನಲವತ್ತು.
ಕೆಂಪು ಅಂಕಿ ಮಿಣುಕುತ್ತಲೇ ಇತ್ತು
ಗೇಟಿನಲ್ಲಿ ಏನೋ ಹಾರನ್ನು ಒತ್ತುವವರೆಗೆ.